ನೀಲಿ ರಟ್ಟಿನ ಸಂಖ್ಯಾಶಾಸ್ತ್ರ

ಡಿಸೆಂಬರ್ 2

ಈ ದೇಶದ ಮಂತ್ರಿಗಳಿಗೆಲ್ಲ ಲೆಕ್ಕ ಕಲಿಸಿದವನು ನಾನು. ನಾನಿಲ್ಲದಿದ್ದರೆ ಬೆಲ್‌ಗ್ರೇಡಿನ ಬ್ಯಾಂಕುಗಳು ಒಂದು ದಿನವೂ ಬಾಗಿಲು ತೆರೆಯುತ್ತಿರಲಿಲ್ಲ. ಓದಿದ್ದು ಹಳ್ಳಿ ಶಾಲೆಯ ಎಂಟನೆಯ ತರಗತಿ. ಆದರೇನು? ಅವರಿಗೆಲ್ಲ ಪುಸ್ತಕ ಮಾರಿದ್ದು ಯಾರು? ಕಾಲೇಜಿನ ಗೇಟಿನೆದುರಿನ ಈ ರಾದಿಸಾವ್.

ಬೆಳಿಗ್ಗೆ ಶಟರ್ ಎತ್ತಿದೆ. ಹೀಟರ್ ಹಚ್ಚಿದೆ. ಮಾಂಸ ತುಂಬಿದ ಬುರೆಕ್ ತಿಂದೆ, ಮೊಸರು ಕುಡಿದೆ. ಹಿಂದಿನ ಕೋಣೆ ಸೂರಿನ ತನಕ ಭರ್ತಿ — ಪ್ರೊಫೆಸರ್ ಗಾವ್ರಿಚ್ ಬರೆದ ಸಂಖ್ಯಾಶಾಸ್ತ್ರ, ನೀಲಿ ರಟ್ಟು, ಹೊಸ ಮುದ್ರಣ. ಇದ್ದಬದ್ದದ್ದನ್ನೆಲ್ಲ ಅವರಿಂದ ನಾನೇ ಕೊಂಡೆ. ಭಯವೇನು? ಮೌಖಿಕ ಪರೀಕ್ಷೆಗೆ ಹೋದವನು ಮೊದಲು ಪುಸ್ತಕವನ್ನು ಮೇಜಿನ ಮೇಲಿಡಬೇಕು. ಗಾವ್ರಿಚ್ ಮೊದಲ ಹಾಳೆಯಲ್ಲಿ ಸಹಿ ಗೀಚುತ್ತಾರೆ. ಸಹಿ ಬಿದ್ದ ಪುಸ್ತಕ ಇನ್ನೊಬ್ಬನಿಗೆ ನಡೆಯುವುದಿಲ್ಲ. ಹೊಸ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಚಿನ್ನಕ್ಕಿಂತ ಗಟ್ಟಿ ವ್ಯಾಪಾರ.

ಡಿಸೆಂಬರ್ 10

ಇಸಿದೋರಾ ಬಂದಿದ್ದಳು. ತಂಗಿ ದೆಸಂಕಾಳ ಮಗಳು. ಇದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಗಾವ್ರಿಚ್ ಕೈಕೆಳಗೆ. ಹಿಂದಿನ ಕೋಣೆ ನೋಡಿ ನಿಂತುಬಿಟ್ಟಳು.

"ಮಾವ, ಇಷ್ಟೊಂದು ಯಾಕೆ ತಗೊಂಡೆ?"

"ನಿಮ್ಮಂಥ ಓದಿದೋರಿಗೆ ವ್ಯಾಪಾರ ತಿಳಿಯಲ್ಲ."

"ನಾವೊಂದಿಷ್ಟು ಜನ ಸೇರಿ ಬೇರೆ ಪುಸ್ತಕ ಬರೆದಿದೀವಿ. ನೆಟ್ಟಲ್ಲಿ ಪುಕ್ಕಟೆ ಸಿಗತ್ತೆ. ಯಾರು ಬೇಕಾದ್ರೂ ಇಳಿಸ್ಕೋಬಹುದು, ಪ್ರಿಂಟ್ ಹಾಕ್ಕೋಬಹುದು, ತಪ್ಪಿದ್ರೆ ತಿದ್ಕೋಬಹುದು. ಜನವರೀಲಿ ಕಾಲೇಜಿನ ಸಭೆ ಒಪ್ಪಿದ್ರೆ ಇನ್ಮೇಲೆ ಅದೇ ಪಠ್ಯ. ಸಹಿ ಗಿಹಿ ಏನೂ ಇರಲ್ಲ."

"ಪುಕ್ಕಟೆ ಸಿಗೋದನ್ನ ಯಾರು ಓದ್ತಾರೆ?"

"ಪುಸ್ತಕಕ್ಕೆ ದುಡ್ಡಿಲ್ದೆ ಪರೀಕ್ಷೆ ಬಿಟ್ಟೋರು ಓದ್ತಾರೆ ಮಾವ."

ನಕ್ಕೆ. ಅವಳು ಹೋದ ಮೇಲೆ ಶಟರ್ ಅರ್ಧ ಇಳಿಸಿ ಕೂತೆ. ಕೋಟು ಹಾಕಿಕೊಂಡರೂ ಚಳಿ ಬಿಡಲಿಲ್ಲ. ಹೀಟರ್ ಕೆಟ್ಟಿರಬೇಕು.

ಹಳ್ಳಿಯ ಪ್ಲಮ್ ತೋಟ ಮಾರಿದ ಹಣ ಬ್ಯಾಂಕಿನಲ್ಲಿದೆ ಎಂದು ದೆಸಂಕಾಗೆ ಹೇಳಿದ್ದೇನೆ. ಅವಳ ಪಾಲೂ ಅದರಲ್ಲೇ. ಬ್ಯಾಂಕಿನಲ್ಲಿಲ್ಲ. ಹಿಂದಿನ ಕೋಣೆಯಲ್ಲಿದೆ, ನೀಲಿ ರಟ್ಟಿನೊಳಗೆ.

ಡಿಸೆಂಬರ್ 19. ಸಂತ ನಿಕೋಲನ ದಿನ

ನಮ್ಮ ಮನೆತನದ ಸಂತನ ಹಬ್ಬ. ಮೀನು, ಹುರುಳಿಕಾಯಿ ಪಲ್ಯ, ರಾಕಿಯಾ ಸಾರಾಯಿ. ದೆಸಂಕಾ ಮಗಳ ಕೈ ಹಿಡಿದು ಕುಂಟುತ್ತಾ ಮೆಟ್ಟಿಲು ಹತ್ತಿ ಬಂದಳು.

"ಅಣ್ಣ, ಮಂಡಿ ಆಪರೇಷನ್ನು ಫೆಬ್ರವರೀಲಿ ಅಂದಿದಾರೆ. ನನ್ನ ದುಡ್ಡು ತೆಗೆದಿಡು."

"ತೆಗೆದೇ ಇಟ್ಟಿದೀನಿ ಕಣೇ. ಬಡ್ಡಿ ಸಮೇತ."

ಹಬ್ಬದ ರೊಟ್ಟಿ ಮುರಿಯುವ ಹೊತ್ತಿಗೆ ಬಾಗಿಲ ಕರೆಗಂಟೆ ಸದ್ದಾಯಿತು. ಗಾವ್ರಿಚ್. ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹಿಂದೆ ಕಳಿಸುವುದೂ ಇಲ್ಲ. ಅವರಿಗೂ ಅದು ಗೊತ್ತು. ಬಾಲ್ಕನಿಗೆ ಕರೆದರು.

"ರಾದಿಸಾವ್, ನಿಮ್ಮ ಹುಡುಗಿ ನನ್ನ ಪುಸ್ತಕ ಕದ್ದು ತನ್ನದು ಮಾಡ್ಕೊಂಡಿದಾಳೆ ಅಂತ ದೂರು ಕೊಟ್ಟಿದೀನಿ. ಕಾಲೇಜಿನ ವಿಚಾರಣೆ ಸಮಿತಿ ಮುಂದೆ ನೀವೊಂದು ಮಾತು ಹೇಳ್ಬೇಕು. ಬೇಸಿಗೇಲಿ ನಿಮ್ಮ ಅಂಗಡಿಯಿಂದ ಒಂದು ಪುಸ್ತಕ ಎತ್ಕೊಂಡು ಹೋಗಿ ಸ್ಕ್ಯಾನ್ ಮಾಡಿದ್ಲು ಅಂತ."

"ಹಾಗೇನೂ ಮಾಡಿಲ್ವಲ್ಲ ಪ್ರೊಫೆಸರೇ. ಅವಳ ಕೆಲಸ ಹೋಗತ್ತೆ."

"ಹಾಗಾದ್ರೆ ನಿಮ್ಮ ಹಿಂದಿನ ಕೋಣೆ ಇಲಿಗಳಿಗೆ ಬಿಟ್ಕೊಡಿ. ವಾಪಸ್ ತಗೊಳ್ಳೋ ಪದ್ಧತಿ ನನ್ನಲ್ಲಿಲ್ಲ."

ಒಳಗೆ ಇಸಿದೋರಾ ಅವರ ತಟ್ಟೆಗೆ ಮೀನು ಹಾಕಿದಳು. "ಮುಳ್ಳು ನೋಡ್ಕೊಂಡು ತಿನ್ನಿ ಸರ್."

ನಾನು ನನ್ನ ತಟ್ಟೆ ಪಕ್ಕಕ್ಕೆ ಸರಿಸಿದೆ.

ಜನವರಿ 13

ಕ್ರಿಸ್‌ಮಸ್ ಕಳೆಯಿತು. ಬರೆಯಲು ಕೈ ಏಳಲಿಲ್ಲ. ಫೋನ್ ರಿಂಗಾದರೆ ದಿಂಬಿನಡಿ ತುರುಕುತ್ತೇನೆ. ಯಾರೋ ಹುಡುಗಿ "ಕದ್ದ ಸೈಕಲ್" ಎಂದು ಬೀದಿಯಲ್ಲಿ ಹೇಳುತ್ತಾ ಹೋದಳು — ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ನೀಲಿ ರಟ್ಟನ್ನು ಕೇಳುವವರಿಲ್ಲ. ಸಭೆ ಏನನ್ನುತ್ತದೋ ನೋಡೋಣ ಎಂದು ಹುಡುಗರು ಕಾಯುತ್ತಿದ್ದಾರೆ. ಬಿಟ್ಟಿ ಪುಸ್ತಕದ ಪ್ರಿಂಟಿಗೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಆಗಲೇ ಸಾಲು.

ನಾಳೆ ಸಮಿತಿ. ಕನ್ನಡಿ ಮುಂದೆ ಹೇಳಿ ನೋಡಿದೆ: ಹೌದು, ಎತ್ಕೊಂಡು ಹೋದ್ಲು. ಸರಾಗವಾಗಿ ಬಂತು. ಅದಕ್ಕೇ ಇನ್ನಷ್ಟು ಹೆದರಿಕೆ.

ಜನವರಿ 14, ಮಧ್ಯಾಹ್ನ

ಉದ್ದ ಮೇಜು. ಇಸಿದೋರಾ ಕಿಟಕಿ ಪಕ್ಕ. ನನ್ನ ಕಡೆ ನೋಡಲಿಲ್ಲ.

ಡೀನಮ್ಮ ಕೇಳಿದರು: "ನಿಮ್ಮ ತಂಗಿ ಮಗಳು ನಿಮ್ಮ ಅಂಗಡಿಯಿಂದ ಕೇಳದೆ ಪುಸ್ತಕ ತಗೊಂಡು ಹೋಗಿದ್ರಾ?"

"ಹೌ..." ಅಂದೆ. ಮುಂದಿನದು ಬರಲಿಲ್ಲ.

"ಇಡೀ ಬೇಸಿಗೆ ಒಂದು ಪುಸ್ತಕ ಕಾಣೆಯಾದ್ರೂ ನಿಮಗೆ ಗೊತ್ತೇ ಆಗ್ಲಿಲ್ವಾ?" ಡೀನಮ್ಮ ಮತ್ತೆ ಕೇಳಿದರು.

ಮೂಲೆಯಲ್ಲಿದ್ದ ಬೋಳುತಲೆಯವನು ಮೆಲ್ಲಗೆ ಅಂದ: "ಪಾಪ, ವಯಸ್ಸಾಯ್ತು ಬಿಡಿ."

ಅದೊಂದು ನುಂಗಲಾಗಲಿಲ್ಲ.

"ಯಾರಿಗೆ ವಯಸ್ಸಾಯ್ತು? ನನ್ನ ಅಂಗಡಿಯಿಂದ ಪೆನ್ಸಿಲ್ ತುಂಡೂ ದುಡ್ಡು ಕೊಡದೆ ಹೊರಗೆ ಹೋಗಿಲ್ಲ. ಈ ಹುಡುಗಿ ನನ್ನ ಹತ್ರ ಒಂದು ಹಾಳೇನೂ ಬಿಟ್ಟಿ ತಗೊಂಡಿಲ್ಲ. ಕೇಳಿದ್ರೂ ನಾನು ಕೊಟ್ಟಿಲ್ಲ. ಬೇಕಾದ್ರೆ ಅವಳನ್ನೇ ಕೇಳಿ."

ಎಲ್ಲರೂ ನಕ್ಕರು. ಇಸಿದೋರಾ ನಗಲಿಲ್ಲ, ಕಣ್ಣೊರೆಸಿಕೊಂಡಳು. ಗಾವ್ರಿಚ್ ಪೆನ್ನಿನ ಮುಚ್ಚಳ ಹಾಕಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಜನವರಿ 21

ಇಸಿದೋರಾ ಮೇಲಿನ ದೂರು ಬಿದ್ದುಹೋಯಿತು. ಸಭೆ ಒಪ್ಪಿತು. ಬಿಟ್ಟಿ ಪುಸ್ತಕವೇ ಪಠ್ಯ. ಗಾವ್ರಿಚ್ ಫೋನ್ ಎತ್ತುತ್ತಿಲ್ಲ.

ಜೆರಾಕ್ಸಿನವನು ಬಾಗಿಲಲ್ಲಿ ನಿಂತು ಕೇಳಿದ: "ಎಷ್ಟು ಮುಳುಗಿತೋ ರಾದಿಸಾವ್?"

"ಸಿಗರೇಟಿನ ಕಾಸು."

ಸಂಜೆ ಇಸಿದೋರಾ ಬಂದು ಅದನ್ನೇ ಕೇಳಿದಳು. "ಒಂದು ತಿಂಗಳ ಬಾಡಿಗೆ ಅಷ್ಟೇ" ಅಂದೆ. ಅವಳು ಹಿಂದಿನ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು. ಕಾಫಿ ಮುಟ್ಟಲಿಲ್ಲ.

ಜನವರಿ 23, ಬೆಳಿಗ್ಗೆ

ದೆಸಂಕಾ ನಿನ್ನೆ ಫೋನ್ ಮಾಡಿದ್ದಳು. "ನಾಳೆ ಬರ್ತೀನಿ ಅಣ್ಣ. ಇಸಿದೋರಾ ಕಾರಲ್ಲಿ ಬಿಡ್ತಾಳೆ. ಬ್ಯಾಂಕಿಗೆ ಇಬ್ರೂ ಹೋಗೋಣ."

ಹೇಳುವುದನ್ನು ಇಲ್ಲೇ ಒಮ್ಮೆ ಹೇಳಿ ನೋಡುತ್ತೇನೆ. ಕನ್ನಡಿಯ ಮುಂದೆ ಬಾಯಿ ಏಳುತ್ತಿಲ್ಲ.

ಸಿಗರೇಟಿನ ಕಾಸಲ್ಲ. ಬಾಡಿಗೆಯಲ್ಲ. ಒಂಬತ್ತು ಲಕ್ಷದ ನಲವತ್ತು ಸಾವಿರ ದಿನಾರ್. ಇಡೀ ತೋಟ. ಅರ್ಧ ನಿನ್ನದು ದೆಸಂಕಾ, ಅದನ್ನು ನಾನು—

ಕೆಳಗೆ ಕಾರು ನಿಂತಿತು. ಮೆಟ್ಟಿಲ ಮೇಲೆ ಅವಳ ಊರುಗೋಲಿನ ಸದ್ದು...