ಸಂದಿ ಮುಚ್ಚಿದ ಸುರುಳಿಗಳು

ಡಿಸೆಂಬರ್ 2
ಬೆಳಿಗ್ಗೆ ಮತ್ತೆ ಅದೇ ಗೋಳು. ಬಾಡಿಗೆ ಮನೆಯ ಜೊತೆಗೇ ಬಂದ ಕಬ್ಬಿಣದ ಸೌದೆ ಒಲೆ. ಐದು ಕಡ್ಡಿ ಗೀರಿದ ಮೇಲೆ ಹತ್ತಿತು. ಆಮೇಲೆ ಹೊಲಿಗೆಯಲ್ಲಿ ಉಳಿದ ಚೂರು ಬಟ್ಟೆ ತುಂಬಿ ಉದ್ದುದ್ದ ಸುರುಳಿ ಹೊಲಿದೆ. ಕಿಟಕಿ ಸಂದಿಗೆ ನಾಲ್ಕು, ಬಾಗಿಲಡಿಗೆ ಒಂದು. ಒಲೆ ಹಿಂದಿನ ಗೋಡೆಯ ಜಾಲರಿಯಿಂದ ಕೊರೆಯುವ ಗಾಳಿ — ಅದಕ್ಕೂ ಒಂದು ತುರುಕಿದೆ. ಟೈಲರ್ ಮನೆಯಲ್ಲಿ ಸಂದಿ ಬಿಟ್ಟರೆ ಮರ್ಯಾದೆಯೇ? ಅತ್ತೆ ಮಾತ್ರ, "ಡಬ್ಬಿಗೆ ಮುಚ್ಚಳ ಹಾಕ್ದಂಗೆ ಮಾಡಿಟ್ಯಲ್ಲೇ ಮನೇನ" ಅಂದರು. ಟೀ ನೀರು ನೀರಾಗಿದೆ ಎಂದೂ ಬೈದರು. ದಿನಾ ಇದ್ದದ್ದೇ.

ಡಿಸೆಂಬರ್ 9
ಅತ್ತೆಗೆ ಇವತ್ತಿಗೆ ಐದು ದಿನದಿಂದ ತಲೆನೋವು. ವಾಕರಿಕೆ ಬೇರೆ. ಡಾಕ್ಟರ್ ಬಿಪಿ ನೋಡಿದರು, ಸರಿಯಿದೆ. ಅಂಗಳದಲ್ಲಿ ಕೂತರೆ ನೋವು ಬಿಡುತ್ತದಂತೆ, ಒಳಗೆ ಬಂದರೆ ಹಿಡಿಯುತ್ತದಂತೆ. ಸಿಟ್ಟು ಬಂತು. ನಾನಿರುವ ಕಡೆ ಮಾತ್ರ ತಲೆನೋವೇ? ಟೀ ಬಗ್ಗೆ ಒಂದು ಮಾತಿಲ್ಲ. ಸುಮ್ಮನೆ ಕುಡಿದು ಲೋಟ ಇಟ್ಟರು.

ಡಿಸೆಂಬರ್ 12
"ಈ ಮನೆ ನಂಗೆ ಆಗ್ಬರಲ್ಲ ಕಣೇ. ಭಾನುವಾರ ಮಗಳ ಮನೆಗೆ ಹೊರಟುಬಿಡ್ತೀನಿ" ಅಂದರು ಅತ್ತೆ.
ಹೋಗಲಿ ಅಂದುಕೊಂಡೆ. ಬರೆದೇಬಿಟ್ಟೆ, ಇರಲಿ. ಆಮೇಲೆ ಪಾತ್ರೆ ತೊಳೆಯುತ್ತಾ ಅಳು. ಇವರು ತೀರಿಕೊಂಡ ಮೇಲೆ ನನ್ನವರು ಅಂತ ಇರುವುದು ಅತ್ತೆಯೊಬ್ಬರೇ...

ಡಿಸೆಂಬರ್ 14, ಮಧ್ಯಾಹ್ನ. ಆಸ್ಪತ್ರೆ
ಬೆಳಿಗ್ಗೆ ಅತ್ತೆ ಟ್ರಂಕಿಗೆ ಸೀರೆ ಇಡುತ್ತಾ ಕುಸಿದರು. ಎತ್ತಲು ಬಾಗಿದೆ, ನನಗೂ ತಲೆ ಗಿರ್ರೆಂದಿತು. ಹೇಗೋ ಅಂಗಳಕ್ಕೆ ಎಳೆದುಕೊಂಡು ಬಂದೆ. ಬೀದಿಯಲ್ಲಿದ್ದ ಆಟೋದವನು ಕೈಹಿಡಿದು ಹತ್ತಿಸಿದ.
ನರ್ಸ್ ಕೇಳಿದ್ದು ಒಂದೇ ಮಾತು: "ಎಲ್ಲಾ ಮುಚ್ಕೊಂಡು ಒಲೆ ಉರಿಸ್ತಿದ್ರಾ?"
ಒಲೆಯಿಂದ ಬಂದ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್ ಅಂತೆ. ವಾಸನೆಯಿಲ್ಲ, ಬಣ್ಣವಿಲ್ಲ. ಇಬ್ಬರಿಗೂ ಆಕ್ಸಿಜನ್ ಹಾಕಿದರು. ಅತ್ತೆಗೆ ಏನೂ ಆಗದಿದ್ದರೆ ಸಾಕು.

ಡಿಸೆಂಬರ್ 16
ಅತ್ತೆಗೆ ಅಪಾಯವಿಲ್ಲ, ನಾಳೆ ಮನೆಗೆ. ಉಸ್ಸಪ್ಪಾ.
ಹೊಗೆಕೊಳವೆ ಗುಡಿಸುವವರು ಬಂದಿದ್ದರು. ಜಾಲರಿಯಿಂದ ನನ್ನ ಸುರುಳಿ ಎಳೆದು ತೆಗೆದರು.
"ಒಲೆ ಉಸಿರಾಡೋ ತೂತಿಗೇ ಬಟ್ಟೆ ತುರುಕಿದೀರಲ್ಲಮ್ಮಾ. ಹೊಲಿಗೆ ಚೆನ್ನಾಗಿದೆ, ಅದು ಬೇರೆ ಮಾತು."
ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೊಳವೆಯಿಂದ ಅರ್ಧ ಬಕೆಟ್ ಮಸಿ. ಹತ್ತಿಸುವುದನ್ನೂ ತೋರಿಸಿಕೊಟ್ಟರು. ಒಣಗಿದ ಸೌದೆ ಮಾತ್ರ. ಒಲೆಯ ಗಾಳಿಬಾಗಿಲು ಪೂರ್ತಿ ತೆರೆದು, ದಪ್ಪ ಕೊರಡು ಕೆಳಗೆ, ಸಣ್ಣ ಚಕ್ಕೆ ಮೇಲೆ, ಬೆಂಕಿ ಮೇಲಿಂದ. ಕೆಂಡ ಇರುವಾಗ ಕೊಳವೆ ಮುಚ್ಚಲೇಬಾರದು. ಬೂದಿ ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ, ಅದೂ ಮನೆಯ ಹೊರಗೆ. ವಿಷಗಾಳಿ ಬಂದರೆ ಕೂಗುವ ಅಲಾರಂ ಗೋಡೆಗೆ ಹಾಕಿಸಿದೆ. ಒಂದೇ ಕಡ್ಡಿಗೆ ಹತ್ತಿತು!

ಡಿಸೆಂಬರ್ 20
ಮೂರು ದಿನವಾಯಿತು, ತಲೆನೋವಿಲ್ಲ. ಟ್ರಂಕು ಮತ್ತೆ ಮಂಚದ ಕೆಳಗೆ. ನಿನ್ನೆ ತಪ್ಪೊಪ್ಪಿಕೊಂಡೆ — ನೀವು ನಾಟಕ ಆಡ್ತಿದೀರ ಅಂದುಕೊಂಡಿದ್ದೆ ಎಂದು.
"ನಾನೂ ಅಷ್ಟೇ. ನನ್ನ ಓಡ್ಸೋಕೇ ಆ ಸುರುಳಿ ಹೊಲಿದ್ಯೇನೋ ಅಂದ್ಕೊಂಡಿದ್ದೆ" ಅಂದರು. ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು.

ಡಿಸೆಂಬರ್ 21, ಬೆಳಿಗ್ಗೆ 7
ಒಲೆ ಹದವಾಗಿ ಉರಿಯುತ್ತಿದೆ. ಜಾಲರಿಯಿಂದ ತಣ್ಣನೆ ಗಾಳಿ, ಬರಲಿ. ಶಾಲು ಹೊದ್ದು ಬರೆಯುತ್ತಿದ್ದೇನೆ. ಅಡುಗೆಮನೆಯಿಂದ ಕೂಗು: "ಏನೇ ಇದು, ಟೀನೋ ಪಾತ್ರೆ ತೊಳೆದ ನೀರೋ?"
ಅಬ್ಬ. ಈ ಬೈಗುಳ ಕೇಳಿ ಎಷ್ಟು ದಿನವಾಗಿತ್ತು. ಬಂದೆ ಅತ್ತೆ, ಬಂದೆ.