ಹತ್ತು ಪಾಸಿನ ನಿಯಮ

ಜೋರಿಯಾ, ಮ್ಯಾನಿಟೋಬಾ
ಮಂಗಳವಾರ, ೮ ಫೆಬ್ರವರಿ ೧೯೯೪

ಪ್ರೀತಿಯ ಮೈರನ್,

ಹೇಗಿದ್ದೀಯಪ್ಪ? ಬೆನ್ನು ಈಗ ಹೇಗಿದೆ? ನಾನು ಹೆಣೆದು ಕೊಟ್ಟ ಉಣ್ಣೆಯ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೀಯೋ ಅಥವಾ ಕ್ಯಾಂಪಿನ ಗೆಳೆಯರು ನಗುತ್ತಾರೆಂದು ಮಂಚದ ಕೆಳಗೆ ತುರುಕಿಟ್ಟಿದ್ದೀಯೋ? ನಿನ್ನನ್ನು ಹೆತ್ತವಳು ನಾನು, ಎಲ್ಲಿಟ್ಟಿರುತ್ತೀಯೆಂದು ಗೊತ್ತು. ತೆಗೆದು ಕಟ್ಟಿಕೋ. ಗಣಿಯೊಳಗಿನ ಚಳಿಗೆ ನಲವತ್ತರ ಬೆನ್ನು ಇಪ್ಪತ್ತರ ಬೆನ್ನಿನಂತೆ ಸುಮ್ಮನಿರುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಹಿಮ ಬೀಳುವ ಮುಂಚೆ ರೇಡಿಯೋದವರಿಗಿಂತ ಮೊದಲೇ ಸುದ್ದಿ ಹೇಳುತ್ತದೆ. ನಾಡಿಯಾಗೆ ಈ ವಾರ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಹಾಗಾಗಿ ಅಡುಗೆಮನೆ ನನ್ನ ರಾಜ್ಯ, ಅವಳು ಬಂದ ಮೇಲೆ ಉಪ್ಪಿನ ಡಬ್ಬಿ ಎಲ್ಲಿಟ್ಟಿರಿ ಅತ್ತೆ ಎಂದು ಕೇಳುತ್ತಾಳೆ.

ಪಕ್ಕದ ಮನೆಯ ಡೆನಿಸ್ ನಾಳೆ ಬೆಳಗಿನ ವಿಮಾನಕ್ಕೆ ಕ್ಯಾಂಪಿಗೆ ಹೊರಡುತ್ತಾನೆಂದು ಈಗಷ್ಟೇ ತಿಳಿಯಿತು. ಅವನ ಕೈಯಲ್ಲಿ ಕಳಿಸಬೇಕೆಂದೇ ಅವಸರವಾಗಿ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಅಲ್ಲಿ ನಿನ್ನ ಹಿಂದೆ ಹತ್ತು ಜನ ಸರದಿಯಲ್ಲಿ ನಿಂತು ಕೆಮ್ಮುತ್ತಿರುತ್ತಾರೆ, ಇಲ್ಲಿ ಮಗು ಮೆಟ್ಟಿಲ ಮೇಲೆ ಕೂತು ಕಿವಿ ಕೊಟ್ಟಿರುತ್ತದೆ. ನೀನೂ ನಾನೂ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೇನನ್ನೂ ಮಾತಾಡಿದ್ದು ನನಗೆ ನೆನಪಿಲ್ಲ. ಈ ಕಾಗದ ಹಿಡಿದು ಕೂತವಳು ಎಷ್ಟು ಸಲ ಎದ್ದೆನೋ! ಒಮ್ಮೆ ಮನೆ ಕಾಯಿಸುವ ಫರ್ನೇಸು ಕೆಮ್ಮಿತೆಂದು ಎದ್ದೆ, ಇನ್ನೊಮ್ಮೆ ಐಸ್ ಹಾಕಿ ರಿಂಕಿನ ಕ್ಯಾಂಟೀನಿಗೆ ಮಾಡಬೇಕಾದ ಪೆರೋಗಿ ಕಡುಬಿನ ಹಿಟ್ಟು ಒಣಗುತ್ತಿದೆಯೆಂದು ಎದ್ದೆ. ಹಿಟ್ಟು ಚೆನ್ನಾಗಿಯೇ ಇತ್ತು. ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ.

ವಿಷಯ ಲೆಸಿಯಾಳದು. ಗಾಬರಿಯಾಗಬೇಡ, ಕೈಕಾಲು ಗಟ್ಟಿಯಾಗಿದೆ. ಆದರೆ ನಿನ್ನ ಮಗಳು ತನ್ನ ಹಾಕಿ ಜೆರ್ಸಿಯನ್ನು ಮಡಿಸಿ ನನ್ನ ಇಸ್ತ್ರಿ ಹಲಗೆಯ ಮೇಲೆ ಇಟ್ಟು ಹೋಗಿದ್ದಾಳೆ. ಆಡುವುದಿಲ್ಲವಂತೆ. ಗಾರ್ತ್ ನಿನಗೆ ಫೋನ್ ಮಾಡಿ ತನ್ನ ಕಡೆಯ ಕಥೆ ಹೇಳಿರಬಹುದು. ಪಾಪ, ನೀನಿಲ್ಲದಾಗ ತಂಡ ನೋಡಿಕೊಳ್ಳುವುದಾಗಿ ಒಪ್ಪಿಕೊಂಡ ತಪ್ಪಿಗೆ ಅವನ ತಲೆಗೂದಲೂ ಬೆಳ್ಳಗಾಗುತ್ತಿದೆ. ಅವನನ್ನು ನಾನು ದೂರುತ್ತಿಲ್ಲ. ಆದರೆ ಅವನು ನಿಂತದ್ದು ಬೆಂಚಿನ ಹಿಂದೆ. ನಾನು ಕೂತದ್ದು ಸ್ಕೋರ್‌ಬೋರ್ಡಿನ ಗಾಜಿನ ಗೂಡಿನಲ್ಲಿ, ಎರಡೂ ಕಡೆಯವರ ಮುಖ ಕಾಣುವ ಜಾಗದಲ್ಲಿ. ಆದ್ದರಿಂದ ನನ್ನ ಮಾತನ್ನೂ ಕೇಳು.

ಹೋದ ಶನಿವಾರ ಗಲ್ ಪಾಯಿಂಟಿನ ಹುಡುಗಿಯರು ಬಂದಿದ್ದರು. ಒಂದು ವ್ಯಾನು, ಅದರ ಹಿಂದೆ ಮೀನಿನ ವಾಸನೆಯ ಒಂದು ಟ್ರಕ್ಕು. ಗೋಲು ಕಾಯುವ ಗೋಲಿಯನ್ನೂ ಸೇರಿಸಿ ಎಂಟೇ ಜನ. ಸರೋವರದಂಚಿನ ಆ ಪುಟ್ಟ ಊರಿನಲ್ಲಿ ಅಷ್ಟು ಹುಡುಗಿಯರನ್ನು ಒಟ್ಟುಮಾಡಿದ್ದೇ ದೊಡ್ಡದು. ಅವರಲ್ಲಿ ಇಬ್ಬರಿಗೆ ಇನ್ನೂ ಹಿಮ್ಮುಖವಾಗಿ ಸ್ಕೇಟ್ ಮಾಡಲು ಬರುವುದಿಲ್ಲ. ಗೋಲಿ ಹುಡುಗಿಯ ಹೆಸರು ಸಿಗ್ಗಾ. ಅವಳ ತಾಯಿಯೇ ಕೋಚು, ವಾರವೆಲ್ಲ ಗಂಡನ ಜೊತೆ ಸರೋವರದ ಮೇಲೆ ಬಲೆ ಎಳೆಯುವ ಗಟ್ಟಿಗಿತ್ತಿ. ಹುಡುಗಿಗೆ ನಮ್ಮ ಲೆಸಿಯಾಳದೇ ವಯಸ್ಸು, ಹನ್ನೊಂದು. ಕಾಲಿಗೆ ಕಟ್ಟಿದ್ದ ಪ್ಯಾಡು ಯಾರೋ ಅಣ್ಣನದಿರಬೇಕು, ಸೊಂಟದವರೆಗೂ ಬಂದಿತ್ತು.

ಮೂರರಲ್ಲಿ ಮೊದಲ ಭಾಗ ಮುಗಿಯುವುದರೊಳಗೆ ನಮ್ಮವರು ಎಂಟು ಗೋಲು ಹೊಡೆದಿದ್ದರು. ನಾನು ಬೋರ್ಡಿನಲ್ಲಿ ಏಳಕ್ಕೇ ನಿಲ್ಲಿಸಿದ್ದೆ. ಏಳಕ್ಕಿಂತ ಹೆಚ್ಚಿನ ಅಂತರ ತೋರಿಸಬಾರದೆಂದು ಲೀಗಿನ ಹಿರಿಯರು ಮಾಡಿಕೊಂಡ ಕಟ್ಟಳೆಯನ್ನು ಇಷ್ಟು ವರ್ಷ ನಾನೂ ತಲೆಬಾಗಿ ಪಾಲಿಸಿಕೊಂಡು ಬಂದಿದ್ದೇನೆ. ಎರಡನೆಯ ಭಾಗಕ್ಕೆ ಗಾರ್ತ್ ನಿನ್ನ ನಿಯಮ ಜಾರಿ ಮಾಡಿದ. ಏಳು ಗೋಲು ಮುಂದಾದ ಮೇಲೆ ಹತ್ತು ಪಾಸ್ ಆಗದೆ ಯಾರೂ ಹೊಡೆಯುವಂತಿಲ್ಲ. ಈ ನಿಯಮದಿಂದಾಗಿ ನಿನಗೆ ಸುತ್ತಲಿನ ಊರುಗಳಲ್ಲೆಲ್ಲ ಒಳ್ಳೆಯ ಹೆಸರು. ನನಗೂ ಹೆಮ್ಮೆಯಿತ್ತು, ಇಲ್ಲವೆನ್ನುವುದಿಲ್ಲ. ನೀನು ಪ್ರತಿ ವರ್ಷ ಮೊದಲ ದಿನ ಹುಡುಗಿಯರನ್ನು ಕೂರಿಸಿಕೊಂಡು ಹೇಳುವ ಕಥೆಯನ್ನು ನಾನು ಗೂಡಿನಿಂದ ಕೇಳಿಸಿಕೊಂಡಿದ್ದೇನೆ. ಹನ್ನೆರಡನೆಯ ವಯಸ್ಸಿನಲ್ಲಿ ನೀನು ಗೋಲಿಯಾಗಿ ನಿಂತು ಪೈನ್ ರಿಡ್ಜಿನವರಿಂದ ಹದಿನೆಂಟು ಗೋಲು ತಿಂದದ್ದು, ಮನೆಯವರೆಗೂ ಟ್ರಕ್ಕಿನಲ್ಲಿ ಅತ್ತದ್ದು, ಮುಂದೆ ನಿನ್ನ ತಂಡದಿಂದ ಯಾವ ಮಗುವಿಗೂ ಹಾಗಾಗಬಾರದೆಂದು ಅವತ್ತೇ ತೀರ್ಮಾನಿಸಿದ್ದು. ಕಥೆ ಚೆನ್ನಾಗಿದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ, ಈಗ ಕೈಗೆ ಬಿಡುವಿಲ್ಲ.

ನೀನು ಬೆಂಚಿನ ಹಿಂದೆ ಇದ್ದಾಗ ಅದು ಹೇಗೆ ನಡೆಯುತ್ತಿತ್ತೋ ಏನೋ. ಶನಿವಾರ ನಡೆದದ್ದು ಹೀಗೆ. ಹುಡುಗಿಯರಿಗೆ ಎಣಿಕೆ ತಪ್ಪಬಾರದೆಂದು ಗಾರ್ತ್ ಗಟ್ಟಿಯಾಗಿ ಎಣಿಸಲು ಹೇಳಿದ. ಅವರು ರಬ್ಬರ್ ಬಿಲ್ಲೆಯನ್ನು ಆ ಮೂಲೆಯಿಂದ ಈ ಮೂಲೆಗೆ ತಳ್ಳುತ್ತ ಒಂದು, ಎರಡು, ಮೂರು ಎಂದು ಕೂಗತೊಡಗಿದರು. ಗಲ್ ಪಾಯಿಂಟಿನ ಆ ಪುಟಾಣಿಗಳು ಅದರ ಹಿಂದೆ ಓಡಿ, ಬಿದ್ದು, ಎದ್ದು, ಮತ್ತೆ ಓಡಿದವು. ಆಮೇಲೆ ನಮ್ಮ ಗ್ಯಾಲರಿಯವರೂ ಶುರುಮಾಡಿದರು. ‘ಆರು! ಏಳು! ಎಂಟು!’ ದನದ ಹರಾಜಿನಲ್ಲಿ ಕೂಗಿದಂತೆ! ಯಾರೋ ಒಬ್ಬ, ‘ಹತ್ತಕ್ಕೆ ಯಾಕ್ರೇ ನಿಲ್ಲಿಸ್ತೀರಾ, ಇಪ್ಪತ್ತು ಮಾಡ್ರೇ!’ ಅಂದ. ನಗೆಯೋ ನಗೆ. ಕೆಟ್ಟವರಲ್ಲ ಕಣಪ್ಪ ನಮ್ಮ ಜನ. ತಾವು ದೊಡ್ಡ ಮನಸ್ಸು ತೋರಿಸುತ್ತಿದ್ದೇವೆಂದೇ ತಿಳಿದಿದ್ದರು.

ಅಷ್ಟರಲ್ಲಿ ಬಿಲ್ಲೆ ಲೆಸಿಯಾಳ ಹತ್ತಿರ ಬಂತು. ಎಣಿಕೆ ಇನ್ನೂ ಆರೋ ಏಳೋ. ಗೋಲಿನೊಳಗಿದ್ದ ಸಿಗ್ಗಾ ಮುಂದಕ್ಕೆ ಬಂದು ಕೋಲಿನಿಂದ ಐಸನ್ನು ಬಡಿದು ಒಂದು ಕೂಗು ಹಾಕಿದಳು ನೋಡು, ಗಾಜಿನೊಳಗಿದ್ದ ನನಗೂ ಅಕ್ಷರ ಅಕ್ಷರ ಕೇಳಿಸಿತು. ‘ಏಯ್ ಹನ್ನೆರಡನೇ ನಂಬರ್! ಹೊಡಿಯೇ! ನಾನೇನು ಇಲ್ಲಿ ಬೇಲಿ ಗೂಟಾನಾ?’

ಲೆಸಿಯಾ ಬೆಂಚಿನ ಕಡೆ ನೋಡಿದಳು. ಗಾರ್ತ್, ‘ಪಾಸ್ ಮಾಡಮ್ಮಾ, ಪಾಸ್!’ ಎಂದು ಕೈಯಾಡಿಸಿದ. ಸಿಗ್ಗಾ ಹಿಂದಕ್ಕೆ ಹೋಗಿ ಮಂಡಿ ಬಗ್ಗಿಸಿ ನಿಂತಳು. ನಿನ್ನ ಮಗಳು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದಳು. ಆ ಹುಡುಗಿ ಎಡಗೈ ಚಾಚಿ ಹಿಡಿದುಬಿಟ್ಟಳು, ಮೈರನ್! ಹಿಡಿದು, ಬಿಲ್ಲೆಯನ್ನು ಎತ್ತಿ ತೋರಿಸಿ, ಲೆಸಿಯಾಳಿಗೆ, ‘ಇನ್ನೊಂದು ತಗೊಂಬಾ!’ ಅಂದಳು. ಆಮೇಲೆ ಲೆಸಿಯಾ ಯಾರ ಮಾತೂ ಕೇಳಲಿಲ್ಲ. ಕೈಗೆ ಸಿಕ್ಕಾಗಲೆಲ್ಲ ಹೊಡೆದಳು. ಕೆಲವು ಒಳಗೆ ಹೋದವು, ಕೆಲವನ್ನು ಅವಳು ತಡೆದಳು. ಇಬ್ಬರೂ ಮುಖವಾಡದೊಳಗೆ ಹಲ್ಲು ಬಿಡುತ್ತಿದ್ದರು. ಇಡೀ ರಿಂಕಿನಲ್ಲಿ ಅವರಿಬ್ಬರೇ ಆಟ ಆಡುತ್ತಿದ್ದವರು ಎನಿಸಿತು ನನಗೆ. ಗಾರ್ತ್ ಅವಳನ್ನು ಕರೆದು ಬೆಂಚಿನ ತುದಿಯಲ್ಲಿ ಕೂರಿಸಿದ. ಕೊನೆಯ ಭಾಗವೆಲ್ಲ ಮತ್ತೆ ಅದೇ ಒಂದು, ಎರಡು, ಮೂರು. ಗಲ್ ಪಾಯಿಂಟಿನ ಸಣ್ಣವಳೊಬ್ಬಳು ಐಸಿನ ಮೇಲೆಯೇ ಕೂತು ಅಳತೊಡಗಿದಳು.

ಆಟ ಮುಗಿದಾಗ ಒಟ್ಟು ಹದಿನಾಲ್ಕು, ಬೋರ್ಡಿನಲ್ಲಿ ಏಳು. ಕೈಕುಲುಕಲು ಸಾಲು ನಿಲ್ಲುವ ಮೊದಲು ಸಿಗ್ಗಾ ನೇರವಾಗಿ ನನ್ನ ಗೂಡಿನ ಹತ್ತಿರ ಬಂದು ಗಾಜು ಕುಟ್ಟಿದಳು. ಮೂಗು ಕೆಂಪಗಾಗಿತ್ತು. ‘ಅಜ್ಜೀ, ಅದು ಏಳಲ್ಲ, ಹದಿನಾಲ್ಕು. ಸರಿಯಾಗಿ ಹಾಕಿ.’ ನಾನು, ‘ಇರಲಿ ಬಿಡೇ ಮಗಳೇ, ಯಾಕೆ’ ಅಂದೆ. ಅವಳು ನನ್ನನ್ನು ಮಂದಬುದ್ಧಿಯವಳನ್ನು ನೋಡುವಂತೆ ನೋಡಿ, ‘ಬಿಟ್ಟಿದ್ದು ಎಷ್ಟು ಅಂತ ಸುಳ್ಳು ಹಾಕಿದ್ರೆ, ಹಿಡಿದಿದ್ದು ಎಷ್ಟು ಅಂದಾಗ ಯಾರು ನಂಬ್ತಾರೆ?’ ಅಂದಳು. ನಾನು ಹದಿನಾಲ್ಕು ಹಾಕಿದೆ. ಕಮಿಟಿಯವರು ಆಮೇಲೆ ಬಂದು ನನಗೆ ಅರ್ಧ ಗಂಟೆ ಬುದ್ಧಿ ಹೇಳಿದರು. ಹೇಳಿಕೊಳ್ಳಲಿ. ಆ ತಣ್ಣನೆಯ ಗೂಡಿನಲ್ಲಿ ಬಿಟ್ಟಿ ಕೂರಲು ಬೇರೆ ಯಾರು ಬರುತ್ತಾರೋ ನೋಡೋಣ.

ಕ್ಯಾಂಟೀನಿನಲ್ಲಿ ಸಿಗ್ಗಾಳ ತಾಯಿಗೆ ನಾನೇ ಪೆರೋಗಿ ಬಡಿಸಿದೆ. ಆಕೆ ತಟ್ಟೆ ಮುಟ್ಟದೆ ಹೇಳಿದಳು, ‘ನಿಮ್ಮೋರು ಒಳ್ಳೇವ್ರು ಕಣಮ್ಮಾ, ಅದೇ ತೊಂದ್ರೆ ಆಗಿರೋದು. ಹದಿನಾಲ್ಕಲ್ಲ, ಮೂವತ್ತು ಹೊಡೀರಿ, ನಮ್ಮ ಹುಡುಗೀರು ತಡ್ಕೋತಾರೆ. ಆ ಎಣಿಕೆ ಕೇಳಿ ಅತ್ತವ್ರನ್ನ ಬರೋ ಶನಿವಾರ ಹೆಂಗೆ ಐಸ್ ಮೇಲೆ ಇಳಿಸ್ಲಿ ನಾನು?’ ಹುಳಿ ಕೆನೆ ಇನ್ನಷ್ಟು ಹಾಕಿಕೊಟ್ಟೆ, ಬೇರೇನು ಮಾಡಲಿ?

ಮನೆಗೆ ಬರುವಾಗ ಕಾರಿನಲ್ಲಿ ಲೆಸಿಯಾ ಬೈಸಿಕೊಂಡವಳಂತೆಯೇ ಇರಲಿಲ್ಲ. ‘ಅಜ್ಜೀ, ಅವಳು ನಂದನ್ನ ಹಿಡಿದ್ಳು! ಎಡಗೈಲಿ! ನಂದನ್ನ ಯಾರೂ ಹಿಡಿಯೋದೇ ಇಲ್ಲ ಅಲ್ವಾ?’ ಎಂದು ದಾರಿಯುದ್ದಕ್ಕೂ ಅದೇ ಮಾತು. ಅಷ್ಟೊಂದು ಗೋಲು ಹೊಡೆದ ಯಾವ ದಿನವೂ ಆ ಮಗು ಇಷ್ಟು ಖುಷಿಯಾಗಿದ್ದನ್ನು ನಾನು ಕಂಡಿಲ್ಲ. ಭಾನುವಾರ ಗಾರ್ತ್ ಬಂದ. ನಿಯಮ ಮುರಿದದ್ದಕ್ಕೆ ತಂಡದ ಮುಂದೆ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಬರುವ ಶನಿವಾರದ ಗಲ್ ಪಾಯಿಂಟಿನ ಮರುಪಂದ್ಯಕ್ಕೆ ಬರುವುದು ಬೇಡವೆಂದ. ನಿನ್ನ ಮಗಳು ನಿನ್ನ ಹಾಗೆಯೇ ಗದ್ದ ಮುಂದೆ ಮಾಡಿ, ‘ಸಿಗ್ಗಾಗೆ ಬೇಕಾದ್ರೆ ಸಾರಿ ಹೇಳ್ತೀನಿ, ಉಳಿದ ಆಟಾನ ಅವಳಿಗೆ ಆಡೋಕೇ ಬಿಡ್ಲಿಲ್ವಲ್ಲ ಅಂತ. ಅಪ್ಪನ ರೂಲ್ ಇದ್ರೆ ನಾನು ಆಡಲ್ಲ’ ಎಂದಳು. ಆಗಲೇ ಜೆರ್ಸಿ ನನ್ನ ಹಲಗೆಯ ಮೇಲೆ ಬಂದದ್ದು. ನಾಡಿಯಾ, ಅವಳ ಅಪ್ಪ ಬರಲಿ ಎನ್ನುತ್ತಾಳೆ. ಗಾರ್ತ್‌ನನ್ನು ನಾನು ಬಾಗಿಲವರೆಗೂ ಹಿಂಬಾಲಿಸಿಕೊಂಡು ಹೋಗಿ ವಾದ ಮಾಡಿದೆ. ಅವನು ಟೋಪಿ ತಿರುಗಿಸುತ್ತ, ‘ಆಂಟಿ, ತಂಡ ಮೈರನ್‌ದು, ರೂಲೂ ಅವನ್ದೇ. ಅವನ ಬಾಯಿಂದ ಬರಲಿ, ಈಗಿಂದೀಗ್ಲೇ ತೆಗೀತೀನಿ’ ಎಂದ. ಆದ್ದರಿಂದ ಎಲ್ಲವೂ ನಿನ್ನ ಬಾಯಿಗೆ ಬಂದು ನಿಂತಿದೆ.

ಹಾಗಾದರೆ ಇಪ್ಪತ್ತು, ಮೂವತ್ತು ಗೋಲು ಹೊಡೆಯಲಿ ಎನ್ನುತ್ತೀಯಾ ಅಮ್ಮ ಎಂದು ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಇಲ್ಲಪ್ಪ. ಲೆಸಿಯಾಳನ್ನು ಹಿಂದೆ ರಕ್ಷಣೆಗೆ ನಿಲ್ಲಿಸು. ಈ ವರ್ಷ ಸೇರಿದ, ಇನ್ನೂ ಒಂದೂ ಗೋಲು ಹೊಡೆಯದ ಹುಡುಗಿಯರನ್ನು ಮುಂದೆ ಬಿಡು. ಅವರು ಬೀಳಲಿ, ಏಳಲಿ, ಬೆವರು ಸುರಿಸಿ ಆಡಲಿ. ಆದರೆ ಐಸಿನ ಮೇಲಿರುವವರು ನಿಜವಾಗಿ ಆಡಬೇಕು. ಆಡುವಂತೆ ನಟಿಸಬಾರದು. ನಾನು ಸ್ಕೇಟ್ ಕಟ್ಟಿದವಳಲ್ಲ, ಹೆಚ್ಚು ಹೇಳಲಾರೆ.

ಕಿಟಕಿಯಾಚೆ ಡೆನಿಸನ ಮನೆಯ ದೀಪ ಹೊತ್ತಿತು, ಪೆಟ್ಟಿಗೆ ಕಟ್ಟುತ್ತಿರಬೇಕು. ನಿನಗೆ ಬೆಳ್ಳುಳ್ಳಿ ಸಾಸೇಜು ಸುತ್ತಿ ಕಳಿಸುತ್ತಿದ್ದೇನೆ, ಇಡೀ ಕ್ಯಾಂಪಿಗೆ ಹಂಚಿ ದಾನಶೂರನಾಗಬೇಡ. ದೇವರು ನಿನ್ನ ಬೆನ್ನನ್ನೂ ತಲೆಯ ಮೇಲಿನ ಬಂಡೆಯನ್ನೂ ಗಟ್ಟಿಯಾಗಿ ಹಿಡಿದಿರಲಿ. ನಾಡಿಯಾಳ ಪ್ರೀತಿ ಇದರೊಳಗಿದೆ ಎಂದುಕೋ. ಲೆಸಿಯಾ ಏನೂ ಹೇಳಿ ಕಳಿಸಿಲ್ಲ, ಆದರೆ ಕಾಗದ ಯಾರಿಗೆಂದು ಎರಡು ಸಲ ಕೇಳಿದಳು.

ನಿನ್ನ
ಅಮ್ಮ

ತಾ.ಕ.: ಡೆನಿಸ್ ಬಾಗಿಲಲ್ಲಿ ನಿಂತಿದ್ದಾನೆ, ಬೂಟಿನ ಹಿಮ ನನ್ನ ನೆಲದ ಮೇಲೆ ಕರಗುತ್ತಿದೆ. ನಿನ್ನ ಕಥೆಯ ಬಗ್ಗೆ ಹೇಳುತ್ತೇನೆಂದಿದ್ದೆ. ಪೈನ್ ರಿಡ್ಜಿನಿಂದ ಬರುವಾಗ ಟ್ರಕ್ಕಿನಲ್ಲಿ ನಿನ್ನ ಪಕ್ಕದಲ್ಲಿ ಕೂತಿದ್ದವಳು ನಾನು. ಹದಿನೆಂಟು ಗೋಲು ತಿಂದದ್ದಕ್ಕೆ ನೀನು ಅಳಲಿಲ್ಲ ಮೈರನ್. ಎರಡನೆಯ ಭಾಗ ಮುಗಿದಾಗ ಬೆವರು ಸುರಿಸುತ್ತ ಬಂದು ಒಂದನ್ನು ಭುಜದಲ್ಲಿ ಹೇಗೆ ತಡೆದೆನೆಂದು ನಿನ್ನಪ್ಪನಿಗೆ ತೋರಿಸಿದ್ದೆ, ನಗುತ್ತಿದ್ದೆ. ಕೊನೆಯ ಭಾಗದಲ್ಲಿ ಅವರ ಕೋಚು ಕನಿಕರಪಟ್ಟು ಹುಡುಗರಿಗೆ ಏನೋ ಹೇಳಿದ. ಆಮೇಲೆ ಯಾರೂ ನಿನ್ನ ಕಡೆ ಬರಲಿಲ್ಲ. ನೀನು ಖಾಲಿ ಐಸಿನ ಮುಂದೆ ಒಬ್ಬನೇ ನಿಂತಿದ್ದೆ. ಟ್ರಕ್ಕಿನಲ್ಲಿ ನನ್ನ ಕೋಟಿಗೆ ಮುಖ ಒತ್ತಿ ನೀನು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ: ‘ಅಮ್ಮಾ, ಅವರು ಹೊಡೆಯೋದನ್ನೇ ನಿಲ್ಲಿಸಿಬಿಟ್ರು.’ ಶನಿವಾರದೊಳಗೆ ಗಾರ್ತ್‌ಗೆ ಫೋನ್ ಮಾಡು. ಜೆರ್ಸಿಗೆ ಇಸ್ತ್ರಿ ಹಾಕಿಟ್ಟಿದ್ದೇನೆ.