ಡೊಲಿನಾಳ ಬೆನ್ನು

ಟೇನ್ ಪೇಟೆ, ಬ್ರೆಡ್ ಅಂಗಡಿಯ ಮಹಡಿ
೧೪ ಡಿಸೆಂಬರ್ ೧೯೪೩

ಪ್ರೀತಿಯ ಫಿನ್ಲೇ,

ಕೆಮ್ಮು ಹೇಗಿದೆ? ಹಡಗಿನಲ್ಲಿ ಬಿಸಿ ಗಂಜಿಯಾದರೂ ಸಿಗುತ್ತದೆಯೋ ಇಲ್ಲವೋ? ಕಳಿಸಿದ ಉಣ್ಣೆಯ ಕಾಲುಚೀಲ ನೀನೇ ಹಾಕಿಕೋ, ಯಾರಿಗಾದರೂ ದಾನ ಮಾಡಿ ಕೂರಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ನಾನೂ ನಿನ್ನ ಹೆಂಡತಿ ಡೊಲಿನಾಳೂ ಚೆನ್ನಾಗಿದ್ದೇವೆ.

ನಮ್ಮೂರನ್ನು ಸೈನ್ಯ ತೆಗೆದುಕೊಂಡಿತು ಕಣೋ. ಯಾಕೆ ಏನು ಎಂದು ಬರೆದರೆ ಕಾಗದ ತಪಾಸಣೆಯವರು ಮಸಿ ಬಳಿಯುತ್ತಾರೆ. ನಮ್ಮ ಮರಳದಂಡೆಯ ಮೇಲೆ ಗುಂಡು ಬೀಳುತ್ತದೆ ಎಂದಷ್ಟೇ ತಿಳಿದುಕೋ. ಊರು ಬಿಡಲು ಒಂದು ತಿಂಗಳ ಗಡುವು. ಗಂಡಸರೆಲ್ಲ ನಿನ್ನ ಹಾಗೆ ಯುದ್ಧದಲ್ಲಿ. ಹೆಂಗಸರೇ ಬಲೆ, ಕೋಳಿ, ಉಪ್ಪುಮೀನಿನ ಪೀಪಾಯಿ ಎಲ್ಲ ಲಾರಿಗೆ ಏರಿಸಿದರು. ಹೊರಡುವ ದಿನ ಬೆಳಿಗ್ಗೆ ನೋಡಬೇಕಿತ್ತು, ಇಡೀ ಬೀದಿ ಮೊಣಕಾಲೂರಿ ಹೊಸ್ತಿಲು ಉಜ್ಜುತ್ತಿತ್ತು. ಗುಂಡು ಬೀಳೋ ಮನೆ ಯಾಕಮ್ಮ ತೊಳೀತೀರಿ ಎಂದು ಒಬ್ಬ ಸಿಪಾಯಿ ಕೇಳಿದ. ನೀವಾದ್ರೂ ಬೂಟು ಒರೆಸ್ಕೊಂಡು ಒಳಗೆ ಬನ್ನಿ ಎಂದಳು ಪಕ್ಕದ ಮನೆಯ ಜೆಸ್ಸಿ. ಎಂಥ ಹೆಂಗಸರಪ್ಪ, ನನ್ನ ಎದೆ ಉಬ್ಬಿತು.

ನಾನು ಮಾತ್ರ ಏಳಲಿಲ್ಲ. ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತೇ ಬಿಟ್ಟೆ. ನೀನು ಬಂದು ಬಾಗಿಲು ತಟ್ಟಿದಾಗ ಒಳಗೆ ಯಾರೂ ಇಲ್ಲದಿದ್ದರೆ? ಅದೊಂದೇ ನನ್ನ ತಲೆಯಲ್ಲಿ. ಪಾದ್ರಿಗಳು ಬಂದು ಹೇಳಿ ಸೋತರು. ಕ್ಯಾಪ್ಟನ್ ಬಂದು, ಇದೇ ಕೊನೆಯ ಲಾರಿ, ಆಮೇಲೆ ದಾರಿಗೆ ಮುಳ್ಳುತಂತಿ ಎಂದ. ಬಯ್ದು ಕಳಿಸಿದೆ. ಆಮೇಲೆ ಡೊಲಿನಾ ಬಂದಳು. ಸುಮ್ಮನೆ ಲಂಗ ಎತ್ತಿ ಕಟ್ಟಿ, ನನಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು, ನಮ್ಮ ಹೆಂಗಸರು ಗಂಡಂದಿರನ್ನು ನೀರಿನಲ್ಲಿ ದೋಣಿಯವರೆಗೆ ಹೊರಲು ಕೂರುವ ಹಾಗೆ. ಕಾಲು ಒದ್ದೆಯಾಗದೆ ಹೊರಟವನು ಕ್ಷೇಮವಾಗಿ ಬರುತ್ತಾನೆಂದು ನಂಬಿ ಮೂವತ್ತು ವರ್ಷ ನಿನ್ನಪ್ಪನನ್ನು ನಾನು ಹೊತ್ತದ್ದೂ ಹಾಗೆಯೇ.

"ಹತ್ತಿ, ಅತ್ತೆ," ಎಂದಳು. "ಕಾಲು ಒದ್ದೆಯಾಗ್ದೆ ಕರ್ಕೊಂಡು ಹೋಗ್ತೀನಿ, ಹಾಗೇ ವಾಪಸ್ಸೂ ಕರ್ಕೊಂಡು ಬರ್ತೀನಿ."

ಹೊಲ ಉಳುವವರ ಮನೆಯ ಹುಡುಗಿ, ಕಡಲು ಕಂಡದ್ದೇ ಮದುವೆಯಾದ ಮೇಲೆ. ಹತ್ತಿದೆ. ನನ್ನ ಭಾರ ನಿನಗೆ ಗೊತ್ತಲ್ಲ, ಆ ಕೆಸರಿನ ಬೀದಿಯುದ್ದಕ್ಕೂ ಒಮ್ಮೆಯೂ ಮುಗ್ಗರಿಸಲಿಲ್ಲ. ಸಿಪಾಯಿಗಳು ಟೋಪಿ ತೆಗೆದು ನಿಂತರು. ನನ್ನನ್ನು ಲಾರಿಯಲ್ಲಿ ಕೂರಿಸಿ ಓಡಿಹೋಗಿ, ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಈ ವಿಳಾಸ ಬರೆದು ಬಂದಳು. ಫಿನ್ಲೇ ಬಂದ್ರೆ ಗೊತ್ತಾಗ್ಲಿ ಅಂತ ಎಂದಳು. ನಾನು ದಾರಿಯುದ್ದಕ್ಕೂ ಅತ್ತೆ.

ನಿನ್ನನ್ನೂ ನಿನ್ನ ಹಡಗನ್ನೂ ದೇವರು ಕಾಯಲಿ. ಜೊತೆಯ ಹುಡುಗರನ್ನು ಕೇಳಿದೆನೆಂದು ಹೇಳು.

ನಿನ್ನ ಅಮ್ಮ,
ಬಾರ್ಬರಾ

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನೀನು ಯುದ್ಧಕ್ಕೆ ಹೊರಟ ದಿನವೂ ಡೊಲಿನಾ ನಿನ್ನ ಮುಂದೆ ಹೀಗೆಯೇ ಬೆನ್ನು ಕೊಟ್ಟು ಕೂತಿದ್ದಳು. ಇವಳು ಬೀಳಿಸ್ತಾಳೆ ಎಂದು ಊರೆದುರು ಅವಳನ್ನು ಪಕ್ಕಕ್ಕೆ ತಳ್ಳಿ ನಾನೇ ನಿನ್ನನ್ನು ಹೊತ್ತೆ. ಅವಳು ಇವತ್ತಿನವರೆಗೆ ಅದನ್ನು ಎತ್ತಿ ಆಡಿಲ್ಲ. ನೀನು ಬರುವ ದಿನ ನಾನು ದಡದಲ್ಲೇ ನಿಂತಿರುತ್ತೇನೆ ಮಗಾ. ಅವಳ ಬೆನ್ನೇರಿ ಬಾ.